ಹಡಗಿನ ಭಾರರೇಖೆಯೂ ನಾವಿಕನ ಯೋಗ್ಯತಾಪತ್ರವೂ

ಮಂಗಳೂರಿನ ಬಂದರಿಗೆ ಬಂದುಹೋಗುವ ದೊಡ್ಡ ವಾಣಿಜ್ಯನೌಕೆಗಳಲ್ಲಿ ಯಾವುದನ್ನು ನೋಡಿದರೂ ಅದರ ಪಕ್ಕದ ನಡುಭಾಗದಲ್ಲಿ ಒಂದು ವೃತ್ತವೂ, ಆ ವೃತ್ತವನ್ನು ಸೀಳಿಕೊಂಡು ಹಾಯುವ ಒಂದು ಅಡ್ಡಗೆರೆಯೂ, ಅದರ ಬಳಿಯಲ್ಲಿಯೇ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದಾಗಿ ಬರೆದ ಕೆಲವು ಚಿಕ್ಕ ಗೆರೆಗಳೂ ಕಾಣುವುವು. ಸರಕನ್ನು ತುಂಬುತ್ತ ಬಂದಂತೆ ಹಡಗು ನೀರಿನಲ್ಲಿ ಇಳಿಯುತ್ತದೆ. ಆ ಕಾಲಕ್ಕೂ ಆ ಸಮುದ್ರಕ್ಕೂ ವಿಧಿಸಿದ ಗೆರೆಯು ನೀರನ್ನು ಮುಟ್ಟಿದ ಕೂಡಲೆ ತುಂಬುವುದನ್ನು ನಿಲ್ಲಿಸತಕ್ಕದ್ದು. ಇದಕ್ಕೆ ಭಾರರೇಖೆಯೆಂದು ಹೆಸರು. ಅದೇ ಹಡಗಿನ ಕಪ್ತಾನನಲ್ಲಿಯೂ, ಅವನ ಕೈಕೆಳಗಿನ ಅಧಿಕಾರಿಗಳಲ್ಲಿಯೂ, ಯಂತ್ರಗಳನ್ನು ನಡೆಯಿಸುವ ಎಂಜಿನಿಯರರಲ್ಲಿಯೂ ಒಂದೊಂದು ಯೋಗ್ಯತಾಪತ್ರವಿರಬೇಕು. ಗೆರೆಯು ಹಡಗಿನ ವಿಷಯವಾಗಿ ಸಾಕ್ಷಿ ಹೇಳುತ್ತದೆ. ಪತ್ರವು ಮನುಷ್ಯನ ವಿಷಯವಾಗಿ ಹೇಳುತ್ತದೆ.

ನಮ್ಮ ತಾರ್ಕಿಕರು ಪ್ರಮಾಣಗಳನ್ನು ಎಣಿಸುವಾಗ ಶಬ್ದವನ್ನೂ ಒಂದು ಪ್ರಮಾಣವೆಂದು ಅಂಗೀಕರಿಸಿ, ಆದರೆ ಅದು ಆಪ್ತನ ವಾಕ್ಯವಾಗಿರಬೇಕೆಂದು ನಿಯಮಿಸಿದರು. ಆಪ್ತನೆಂದರೆ ಇದ್ದುದನ್ನು ಇದ್ದಂತೆಯೇ ಹೇಳತಕ್ಕವನು. 'ಈ ಹಡಗು ಸಮುದ್ರಕ್ಕೆ ತಕ್ಕುದು, ಈ ಮನುಷ್ಯನು ಇದನ್ನು ನಡೆಸಬಲ್ಲನು' ಎಂಬ ವಾಕ್ಯಕ್ಕೂ ಇದೇ ಪ್ರಶ್ನೆ ಉಂಟು. ಇದನ್ನು ಹೇಳಲು ಆಪ್ತನಾರು? ಹಡಗಿನ ಲಾಭವನ್ನು ಉಣ್ಣುವ ಮಾಲಿಕನೆ, ಸರಕಿನ ಒಡೆಯನೆ, ರಾಜ್ಯದ ಅಧಿಕಾರಿಯೆ, ಇಲ್ಲವೆ ಇವರಾರಿಗೂ ಸೇರದ ಪರೀಕ್ಷಕನೆ? ನೌಕಾರಕ್ಷಣೆಯ ಶಾಸನಗಳ ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿ ಓದಿದರೆ ಅದು ಬಲು ಶುಷ್ಕವಾದದ್ದು. ಈ ಪ್ರಶ್ನೆಯನ್ನು ಹಿಡಿದು ಓದಿದರೆ ಅದರ ಒಳಹುರುಳು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಭಾರದ ಗುರುತು ಹೊಸದಲ್ಲ. 13ನೆಯ ಶತಮಾನದಲ್ಲಿಯೇ ವೆನಿಸ್ ನಗರದ ಕಟ್ಟಳೆಗಳಲ್ಲಿ ಹಡಗಿನ ಪಕ್ಕಕ್ಕೆ ಶಿಲುಬೆಯಾಕಾರದ ಚಿಹ್ನೆಯನ್ನಿಟ್ಟು ಅದು ಮುಳುಗದಂತೆ ತುಂಬಬೇಕೆಂಬ ವಿಧಿಯಿದ್ದಿತು. ಆ ಗಣರಾಜ್ಯಗಳ ಅಧಿಕಾರವು ಕುಂದಿದ ಮೇಲೆ ಆ ಪದ್ಧತಿಯೂ ಅಳಿಯಿತು. ಅನಂತರದ ಕಾಲದಲ್ಲಿ ಹಡಗಿನ ಗುಣದೋಷಗಳನ್ನು ಅರಿಯಬೇಕೆಂಬ ಆತುರವು ನಾವಿಕರ ಪ್ರಾಣದ ಮೇಲಣ ಕರುಣೆಯಿಂದ ಹುಟ್ಟಿದ್ದಲ್ಲ, ಹಣವನ್ನು ಒಡ್ಡುವವರ ಎಚ್ಚರಿಕೆಯಿಂದ ಹುಟ್ಟಿದ್ದು. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡನೆಂಬವನ ಕಾಫಿಯಂಗಡಿಯಲ್ಲಿ ನೆರೆಯುತ್ತಿದ್ದ ವಿಮೆಗಾರರು 1760ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು ಹಡಗುಗಳ ಪಟ್ಟಿಯೊಂದನ್ನು ಸಿದ್ಧಪಡಿಸಹತ್ತಿದರು. ಒಡಲಿನ ಸ್ಥಿತಿಗೆ ಇಂಗ್ಲಿಷಿನ ಐದು ಸ್ವರಾಕ್ಷರಗಳಲ್ಲಿ ಒಂದನ್ನು, ಹಗ್ಗ ಲಂಗರು ಮುಂತಾದ ಉಪಕರಣಗಳಿಗೆ ಉತ್ತಮ ಮಧ್ಯಮ ಅಧಮಗಳೆಂಬ ಮೂರು ತರಗತಿಗಳಲ್ಲಿ ಒಂದನ್ನು ಕೊಡುವುದು ಅದರ ಕ್ರಮ. ಆ ಶತಮಾನದ ಕೊನೆಯಲ್ಲಿ, ಹಡಗು ಕಟ್ಟಿದ ಸ್ಥಳಕ್ಕೂ ಅದರ ವಯಸ್ಸಿಗೂ ವಿಮೆಗಾರರು ವಿಶೇಷ ಪ್ರಾಶಸ್ತ್ಯವನ್ನು ಕೊಡಲು ತೊಡಗಿದಾಗ ಮಾಲಿಕರು ಮುನಿದು 1799ರಲ್ಲಿ ತಮ್ಮದೇ ಬೇರೊಂದು ಪಟ್ಟಿಯನ್ನು ಪ್ರಕಟಿಸಿದರು. ವಿಮೆಗಾರರದು ಹಸುರು ಪುಸ್ತಕ, ಮಾಲಿಕರದು ಕೆಂಪು ಪುಸ್ತಕ. ಹೀಗೆ ಒಂದೇ ಹಡಗಿನ ವಿಷಯದಲ್ಲಿ ಎರಡು ಪುಸ್ತಕಗಳು ಎರಡು ಬಗೆಯಾಗಿ ಸಾಕ್ಷಿ ನುಡಿಯುವ ಕಾಲವು ಮೂವತ್ತೈದು ವರ್ಷ ನಡೆದು, ಎರಡು ಪಕ್ಷಗಳೂ ದಿವಾಳಿಯ ಅಂಚಿಗೆ ಬಂದ ಮೇಲೆ, 1834ರಲ್ಲಿ ಒಂದೇ ಸಂಸ್ಥೆಯಾಗಿ ಕೂಡಿಕೊಂಡವು.

ಇದಾದ ಎರಡು ವರ್ಷಗಳಿಗೆ, 1836ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಹಡಗುಗಳ ನಾಶಕ್ಕೆ ಕಾರಣಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷನಾಗಿದ್ದ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮನು ಭಾರತೀಯರಿಗೆ ಬೇರೊಂದು ಕಾರಣದಿಂದ ಪರಿಚಿತನು. 1818ರಲ್ಲಿ 'ಕಲ್ಕತ್ತಾ ಜರ್ನಲ್' ಪತ್ರಿಕೆಯನ್ನು ಆರಂಭಿಸಿ, ಕಂಪನಿಯ ಸರಕಾರವನ್ನು ಟೀಕಿಸಿದ ಅಪರಾಧಕ್ಕಾಗಿ 1823ರಲ್ಲಿ ಈ ದೇಶದಿಂದ ಹೊರದೂಡಲ್ಪಟ್ಟವನೇ ಈತನು. ಅಧಿಕಾರವನ್ನು ಪ್ರಶ್ನಿಸುವ ಸ್ವಭಾವವನ್ನು ಅವನು ಹಡಗನ್ನೇರುವಾಗ ಕಲ್ಕತ್ತೆಯ ದಡದಲ್ಲಿ ಬಿಟ್ಟುಹೋಗಿರಲಿಲ್ಲ. ಸಮಿತಿಯು ಎಣಿಸಿದ ಕಾರಣಗಳು ಹಲವು: ಕಟ್ಟಡದ ದೋಷ, ಉಪಕರಣಗಳ ಕೊರತೆ, ಅರೆಬರೆಯ ದುರಸ್ತಿ, ಅತಿಭಾರ, ಕಪ್ತಾನರ ಅಜ್ಞಾನ, ಕುಡಿತ, ನಕ್ಷೆಗಳ ತಪ್ಪು. ಇವುಗಳ ಜೊತೆಗೆ ವಿಮೆಯನ್ನೂ ಒಂದು ಕಾರಣವೆಂದು ಆ ಸಮಿತಿಯು ಸ್ಪಷ್ಟವಾಗಿ ಹೇಳಿತು. ಹಡಗು ಮುಳುಗಿದರೂ ನಷ್ಟವಿಲ್ಲದ ಮಾಲಿಕನು ಅದನ್ನು ಗಟ್ಟಿಯಾಗಿ ಕಟ್ಟಿಸುವುದಕ್ಕೆ ಏಕೆ ಶ್ರಮಪಟ್ಟಾನು?

ಈ ಕಾರಣಗಳಲ್ಲಿ ಶಾಸನವು ಮೊದಲು ಕೈಯಿಕ್ಕಿದ್ದು ಯಾವುದಕ್ಕೆಂಬುದು ಗಮನಾರ್ಹವಾದ ಸಂಗತಿ. 1843ರಲ್ಲಿ ವಿದೇಶಾಂಗದ ಕಚೇರಿಯ ಜೇಮ್ಸ್ ಮರ್ರೆ ಎಂಬ ಅಧಿಕಾರಿಯು ಪರರಾಜ್ಯಗಳಲ್ಲಿದ್ದ ಬ್ರಿಟಿಷ್ ಕಾನ್ಸಲರಿಗೆ ಒಂದು ಸುತ್ತೋಲೆಯನ್ನು ಕಳುಹಿಸಿ, ಅವರ ಬಂದರುಗಳಿಗೆ ಬರುವ ಬ್ರಿಟಿಷ್ ಕಪ್ತಾನರ ನಡತೆ ಜ್ಞಾನಗಳೆಂತಹವೆಂದು ಕೇಳಿದನು. ಬಂದ ಉತ್ತರಗಳು ಅವಮಾನಕರವಾಗಿದ್ದವು. ನೌಕಾಯಾನದ ಗಣಿತವನ್ನರಿಯದವರೂ ಬಂದರಿನಲ್ಲಿ ಅಮಲಿಳಿಯದವರೂ ನೂರಾರು ಜನರ ಪ್ರಾಣಕ್ಕೆ ಒಡೆಯರಾಗಿದ್ದರೆಂದು ಕಾನ್ಸಲರು ಬರೆದರು. 1845ರಲ್ಲಿ ಇಚ್ಛೆಯುಳ್ಳವರಿಗೆ ಪರೀಕ್ಷೆಯನ್ನಿಟ್ಟರು. 1850ನೆಯ ಇಸವಿಯ ಶಾಸನವು ವಿದೇಶಗಳಿಗೆ ಹೋಗುವ ಹಡಗುಗಳ ಕಪ್ತಾನರಿಗೂ ಮೇಟ್ ಎಂದು ಕರೆಯಲ್ಪಡುವ ಉಪನಾಯಕರಿಗೂ ಪರೀಕ್ಷೆಯನ್ನು ಕಡ್ಡಾಯಮಾಡಿ, ಅದರ ಆಡಳಿತವನ್ನು ಬೋರ್ಡ್ ಆಫ್ ಟ್ರೇಡ್ ಎಂಬ ವಾಣಿಜ್ಯಮಂಡಲಿಗೆ ವಹಿಸಿತು. ಆ ಮೊದಲೇ ಕೆಲಸದಲ್ಲಿದ್ದವರಿಗೆ ಪರೀಕ್ಷೆಯಿಲ್ಲದೆ ಸೇವಾಪತ್ರವೂ, ಹೊಸಬರಿಗೆ ಪರೀಕ್ಷೆಯಾದ ಮೇಲೆ ಸಾಮರ್ಥ್ಯಪತ್ರವೂ ದೊರೆಯುತ್ತಿದ್ದವು. 1854ರ ಬೃಹತ್ ಶಾಸನವು ಇದನ್ನು ಸ್ವದೇಶದ ಕರಾವಳಿಯ ಪ್ರಯಾಣಿಕರ ಹಡಗುಗಳಿಗೂ ಹಬ್ಬಿಸಿತು. 1862ರಲ್ಲಿ ಸ್ಟೀಮರುಗಳ ಎಂಜಿನಿಯರರೂ ಇದರೊಳಗೆ ಬಂದರು.

ಹೀಗೆ ಹಡಗಿಗಿಂತ ಮೊದಲು ಮನುಷ್ಯನು ಪರೀಕ್ಷಿತನಾದನು. ಇದರಿಂದ ಹಿತವುಂಟಾಯಿತೆಂಬುದು ನಿರ್ವಿವಾದ. ಆದರೆ ಕಪ್ತಾನನನ್ನು ಪರೀಕ್ಷಿಸುವುದಕ್ಕೆ ಮಾಲಿಕನ ಗಂಟಿನಿಂದ ಏನೂ ಹೋಗುವುದಿಲ್ಲವೆಂಬುದನ್ನೂ, ಅತಿಭಾರವನ್ನು ತಡೆದರೆ ಪ್ರತಿಯೊಂದು ಪ್ರಯಾಣದಲ್ಲಿಯೂ ಲಾಭವು ಕಡಮೆಯಾಗುವುದೆಂಬುದನ್ನೂ ಮರೆಯುವಂತಿಲ್ಲ. ಪತ್ರದಲ್ಲಿ ಇನ್ನೊಂದು ಗುಣವಿದ್ದಿತು: ಕೊಟ್ಟವರು ಅದನ್ನು ಕಸಿದುಕೊಳ್ಳಲೂ ಬಲ್ಲರು. ದುರಂತವಾದ ಮೇಲೆ ವಿಚಾರಣೆಯ ನ್ಯಾಯಾಲಯದ ಕೈಗೆ ಎಟಕುವ ವಸ್ತು ಅದೊಂದೇ. ಮುಳುಗಿದ ಹಡಗಿನ ಲೆಕ್ಕಪುಸ್ತಕಗಳು ಎಟಕುತ್ತಿರಲಿಲ್ಲ.

ಸಾಹಿತ್ಯದ ಅಧ್ಯಾಪಕರಿಗೆ ಈ ಪತ್ರದ ಮಹಿಮೆಯು ಒಂದು ಪ್ರಸಿದ್ಧವಾದ ಕಾದಂಬರಿಯಿಂದ ತಿಳಿದಿರುವುದು. 1880ರ ಆಗಸ್ಟಿನಲ್ಲಿ 'ಜೆದ್ದಾ' ಎಂಬ ಸ್ಟೀಮರು ಸಿಂಗಪುರ ಪಿನಾಂಗುಗಳಿಂದ ಒಂಬೈನೂರಕ್ಕೆ ಮಿಕ್ಕ ಹಜ್ ಯಾತ್ರಿಕರನ್ನು ಹೊತ್ತು ಹೋಗುತ್ತಿರುವಾಗ ಬಿರುಗಾಳಿಗೆ ಸಿಕ್ಕಿ ನೀರು ಸೇರತೊಡಗಿತು. ಕಪ್ತಾನನೂ ಐರೋಪ್ಯ ಅಧಿಕಾರಿಗಳಲ್ಲಿ ಬಹುಮಂದಿಯೂ ಯಾತ್ರಿಕರನ್ನು ಬಿಟ್ಟು ದೋಣಿಯೇರಿ, ಬೇರೊಂದು ಹಡಗಿನಿಂದ ಏಡನ್ ಬಂದರನ್ನು ಸೇರಿ, ಜೆದ್ದಾ ಮುಳುಗಿತೆಂದು ವರದಿಮಾಡಿದರು. ಮರುದಿನವೋ ಎಂಬಂತೆ ಅದೇ ಜೆದ್ದಾ ಯಾತ್ರಿಕರ ಸಮೇತವಾಗಿ 'ಆಂಟೆನೋರ್' ಎಂಬ ಹಡಗಿನಿಂದ ಎಳೆಯಲ್ಪಟ್ಟು ಏಡನ್ನಿಗೆ ಬಂದಿತು. ವಿಚಾರಣೆಯಲ್ಲಿ ಕಪ್ತಾನನ ಯೋಗ್ಯತಾಪತ್ರವನ್ನು ಮೂರು ವರ್ಷ ಅಮಾನತಿನಲ್ಲಿಟ್ಟರು. ಈ ವೃತ್ತಾಂತವನ್ನೇ ಬೀಜವಾಗಿ ಮಾಡಿಕೊಂಡು ಜೋಸೆಫ್ ಕಾನ್ರಾಡನು 1900ರಲ್ಲಿ 'ಲಾರ್ಡ್ ಜಿಮ್' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಪತ್ರವನ್ನು ಕಳೆದುಕೊಂಡ ನಾವಿಕನು ಬಂದರಿನಿಂದ ಬಂದರಿಗೆ ಓಡುವ ಆ ಕತೆಯನ್ನು ಬರೆದವನಿಗೆ ಪರೀಕ್ಷೆಯ ಕಷ್ಟವು ಕೇಳಿದ ಮಾತಾಗಿರಲಿಲ್ಲ. ಪೋಲೆಂಡಿನವನಾದ ಕಾನ್ರಾಡನು 1880ರಲ್ಲಿ ಎರಡನೆಯ ಮೇಟನ ಪರೀಕ್ಷೆಯನ್ನೂ, 1884ರಲ್ಲಿ ಮೊದಲನೆಯ ಮೇಟನ ಪರೀಕ್ಷೆಯನ್ನೂ, 1886ರಲ್ಲಿ ಕಪ್ತಾನನ ಪರೀಕ್ಷೆಯನ್ನೂ ದಾಟಿದನು; ಕೊನೆಯ ಎರಡನ್ನು ದಾಟಲು ಅವನಿಗೆ ಎರಡೆರಡು ಸಲ ಕೂರಬೇಕಾಯಿತು.

ಇನ್ನು ಹಡಗಿನ ವಿಷಯ. ಯೋಗ್ಯತಾಪತ್ರವುಳ್ಳ ಕಪ್ತಾನನನ್ನು ಕೊಳೆತ ಹಡಗಿನ ಮೇಲೆ ನಿಲ್ಲಿಸಿದರೆ ಏನಾಗುವುದೆಂಬುದನ್ನು 1850ರಿಂದ 1875ರವರೆಗಿನ ಕಾಲವು ತೋರಿಸಿತು. ಉತ್ತರ ಇಂಗ್ಲೆಂಡಿನ ಬಂದರುಗಳಿಂದ ಕಲ್ಲಿದ್ದಲನ್ನು ಹೊತ್ತು ಹೊರಡುತ್ತಿದ್ದ ಹಳೆಯ ಹಡಗುಗಳನ್ನು ನಾವಿಕರು ಹೆಣದ ಪೆಟ್ಟಿಗೆಗಳೆಂದೇ ಕರೆಯುತ್ತಿದ್ದರು. ಕರಾರಿಗೆ ರುಜುಮಾಡಿದ ನಾವಿಕನು ಹಡಗಿನ ಸ್ಥಿತಿಯನ್ನು ಕಂಡು ಏರಲೊಲ್ಲೆನೆಂದರೆ ಅವನಿಗೆ ಸೆರೆಮನೆ ಸಿದ್ಧವಾಗಿದ್ದಿತು. ಇದು ಆ ಕಾಲದ ಶಾಸನದ ವಿಪರೀತವಾದ ಮುಖ. ಹಡಗು ಸಮುದ್ರಕ್ಕೆ ತಕ್ಕುದೆಂದು ಮಾಲಿಕನು ಹೇಳಿದ ಮಾತು ಪ್ರಮಾಣ. ತಕ್ಕುದಲ್ಲವೆಂದು ಅದರೊಳಗೆ ಸಾಯಬೇಕಾದವನು ಹೇಳಿದ ಮಾತು ಅಪರಾಧ.

ಟೈನ್‌ಮೌತಿನ ಜೇಮ್ಸ್ ಹಾಲ್ ಎಂಬವನು, ತಾನೇ ಹಡಗಿನ ಮಾಲಿಕನಾಗಿದ್ದರೂ, ಭಾರಕ್ಕೆ ಮಿತಿಯಿರಬೇಕೆಂದು ಮೊದಲು ಕೂಗೆತ್ತಿದನು. ಆ ಕೂಗನ್ನು ಪಾರ್ಲಿಮೆಂಟಿಗೆ ಒಯ್ದವನು ಸ್ಯಾಮ್ಯುಅಲ್ ಪ್ಲಿಮ್ಸಾಲ್. ಬ್ರಿಸ್ಟಲ್ಲಿನಲ್ಲಿ 1824ರಲ್ಲಿ ಹುಟ್ಟಿ, ಕಲ್ಲಿದ್ದಲಿನ ವ್ಯಾಪಾರದಲ್ಲಿ ಬಿದ್ದು ಎದ್ದು, 1868ರಲ್ಲಿ ಡಾರ್ಬಿ ನಗರದ ಪ್ರತಿನಿಧಿಯಾಗಿ ಆರಿಸಲ್ಪಟ್ಟ ಈತನಿಗೆ ನೌಕಾಶಾಸ್ತ್ರದ ಪಾಂಡಿತ್ಯವೇನೂ ಇರಲಿಲ್ಲ. 1873ರಲ್ಲಿ ಅವನು ಪ್ರಕಟಿಸಿದ 'ನಮ್ಮ ನಾವಿಕರು' ಎಂಬರ್ಥದ ಹೆಸರಿನ ಪುಸ್ತಕದಲ್ಲಿ ಆವೇಶವು ಎಷ್ಟು ಅಧಿಕವೋ ಆಧಾರಗಳ ವಿಷಯದಲ್ಲಿ ಎಚ್ಚರಿಕೆಯು ಅಷ್ಟೇ ಕಡಮೆ. ಅವನ ಮೇಲೆ ಮಾನನಷ್ಟದ ಮೊಕದ್ದಮೆಗಳು ನಡೆದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ದೇಶವು ಓದಿತು. ಅದೇ ವರ್ಷ ಒಂದು ರಾಜನಿಯುಕ್ತ ಸಮಿತಿಯು ಕುಳಿತಿತು.

ಆ ಸಮಿತಿಯು 1874ರಲ್ಲಿ ಪ್ಲಿಮ್ಸಾಲನ ವಿರುದ್ಧವಾಗಿ ಅಭಿಪ್ರಾಯವಿತ್ತಿತು. ವಾಣಿಜ್ಯಮಂಡಲಿಯ ಕಾರ್ಯದರ್ಶಿಯಾಗಿದ್ದ ತಾಮಸ್ ಫಾರರನೂ ಅದೇ ಮತದವನು. ಅವರ ವಾದವನ್ನು ಮಾಲಿಕರ ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸರಕಾರವು ಗೆರೆಯನ್ನು ಎಳೆದರೆ ಗೆರೆಯ ಹೊಣೆಯೂ ಸರಕಾರದ್ದಾಗುವುದು. ಅಲ್ಲಿಯವರೆಗೆ ತುಂಬಿದವನು ತನ್ನ ವಿವೇಕವನ್ನು ಉಪಯೋಗಿಸಬೇಕಾದ ಅಗತ್ಯವೇ ಇಲ್ಲವೆಂದು ತಿಳಿಯುವನು. ಹಡಗಿನ ಆಕಾರ, ಸರಕಿನ ಗುಣ, ಋತು, ಮಾರ್ಗ ಇವೆಲ್ಲವನ್ನೂ ಒಂದು ಗೆರೆಯು ಹೇಗೆ ಹೇಳೀತು? ಹೊಣೆಯನ್ನು ಅದನ್ನು ಹೊರಬೇಕಾದವನ ಹೆಗಲ ಮೇಲೆಯೇ ಬಿಡಬೇಕು — ಇದು ಅವರ ತರ್ಕ. ಇದಕ್ಕೆ ಒಂದೇ ಒಂದು ಕೊರತೆಯಿದ್ದಿತು. ವಿಮೆಯು ಆ ಹೆಗಲನ್ನು ಭಾರದಿಂದ ಬಿಡಿಸಿ ನಾಲ್ವತ್ತು ವರ್ಷಗಳಾಗಿದ್ದವೆಂಬುದನ್ನು ಬಕಿಂಗ್‌ಹ್ಯಾಮನ ಸಮಿತಿಯು ಆಗಲೇ ಬರೆದಿಟ್ಟಿದ್ದಿತು.

1875ನೆಯ ಜುಲೈ 22ರಂದು ಪ್ರಧಾನಿ ಡಿಸ್ರೇಲಿಯು ಆ ವರ್ಷದ ನೌಕಾಮಸೂದೆಯನ್ನು ಕೈಬಿಡುವುದಾಗಿ ಸಭೆಯಲ್ಲಿ ತಿಳಿಸಿದಾಗ ಪ್ಲಿಮ್ಸಾಲನು ಎದ್ದು, ಕೊಳೆತ ಹಡಗುಗಳನ್ನು ಕಳುಹಿಸುವವರನ್ನು ಖಳರೆಂದು ಜರೆದು, ಮುಷ್ಟಿಯನ್ನೆತ್ತಿ ಅಲುಗಿಸಿ, ಸಭಾಪತಿಯ ಆಜ್ಞೆಗೂ ಮಣಿಯದೆ ಹೊರನಡೆದನು. ಸಭ್ಯತೆಯ ದೃಷ್ಟಿಯಿಂದ ಇದು ದೋಷವೇ. ಅವನೇ ಮುಂದೆ ಕ್ಷಮೆ ಬೇಡಿದನು. ಆದರೆ ಊರೂರುಗಳಲ್ಲಿ ಸಭೆಗಳು ನೆರೆದುವು. ಕೆಲವು ದಿನಗಳೊಳಗಾಗಿ ತಾತ್ಕಾಲಿಕವಾದ ಶಾಸನವೂ, 1876ರಲ್ಲಿ ಶಾಶ್ವತವಾದ ಶಾಸನವೂ ಅಂಗೀಕೃತವಾದವು. ಪ್ರತಿಯೊಂದು ಹಡಗಿನ ಪಕ್ಕದಲ್ಲಿಯೂ ವೃತ್ತದೊಡನೆ ಗೆರೆಯಿರತಕ್ಕದ್ದೆಂದು ವಿಧಿಯಾಯಿತು.

ಗೆರೆಯೇನೋ ಬಂದಿತು, ಎಲ್ಲಿ ಎಳೆಯಬೇಕೆಂಬುದನ್ನು ಮಾತ್ರ ಶಾಸನವು ಮಾಲಿಕನಿಗೇ ಬಿಟ್ಟುಕೊಟ್ಟಿತು! ಕಾರ್ಡಿಫಿನ ಕಪ್ತಾನನೊಬ್ಬನು ತನ್ನ ಹಡಗಿನ ಹೊಗೆಕೊಳವಿಯ ಮೇಲೆ ವೃತ್ತವನ್ನು ಬರೆಯಿಸಿದನೆಂದು ಒಂದು ಕತೆಯುಂಟು. ಕತೆ ನಿಜವಿರಲಿ ಬಿಡಲಿ, ಶಾಸನದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಹದಿನಾಲ್ಕು ವರ್ಷಗಳವರೆಗೆ ಆ ಚಿಹ್ನೆಯು ಪ್ರಮಾಣದ ವೇಷದಲ್ಲಿದ್ದ ಮಾಲಿಕನ ಮಾತಾಗಿಯೇ ಉಳಿಯಿತು. ಈ ನಡುವೆ ಲಾಯ್ಡ್ಸ್ ಸಂಸ್ಥೆಯ ಮುಖ್ಯ ಪರೀಕ್ಷಕ ಬೆಂಜಮಿನ್ ಮಾರ್ಟೆಲನು ಗಣಿತವನ್ನು ಸಿದ್ಧಗೊಳಿಸಿದನು. ಹಡಗಿನ ಉದ್ದ, ಆಳ, ಆಕಾರ, ಅಟ್ಟದ ಮೇಲಿನ ಕಟ್ಟಡ ಇವುಗಳಿಗನುಸಾರವಾಗಿ ಎಷ್ಟು ಎತ್ತರವು ನೀರಿನ ಮೇಲೆ ಉಳಿಯಬೇಕೆಂಬುದಕ್ಕೆ 1882ರಲ್ಲಿ ಕೋಷ್ಟಕಗಳು ಹೊರಟವು. ಒಂದು ಗೆರೆಯು ಎಲ್ಲವನ್ನೂ ಹೇಳಲಾರದೆಂಬ ಆಕ್ಷೇಪಕ್ಕೆ ಇವು ಬಹುಮಟ್ಟಿಗೆ ಉತ್ತರವಾದವು. 1890ರ ಶಾಸನದಿಂದ ಕೋಷ್ಟಕದಂತೆಯೇ ಗೆರೆಯ ಸ್ಥಾನವು ನಿಶ್ಚಿತವಾಗತಕ್ಕದ್ದೆಂದಾಯಿತು. ಪ್ಲಿಮ್ಸಾಲನ ಹೆಸರಿನಿಂದ ಕರೆಯಲ್ಪಡುವ ರೇಖೆಗೆ ನಿಜವಾದ ಜೀವವು ಬಂದದ್ದು ಆ ವರ್ಷ. ಭಾವಾವೇಶದ ಮುಷ್ಟಿಯಷ್ಟೇ ಕೋಷ್ಟಕದ ಲೇಖನಿಯೂ ಇಲ್ಲಿ ಸ್ಮರಣೀಯವಾದದ್ದು; ಮಾರ್ಟೆಲನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಳೆಯ ಚಿಹ್ನೆಗಳಲ್ಲಿ ಒಂದು ಗೆರೆಯ ಬಳಿ 'ಐ. ಎಸ್.' ಎಂಬ ಎರಡು ಅಕ್ಷರಗಳಿರುತ್ತಿದ್ದವು. ಇಂಡಿಯದ ಬೇಸಗೆ ಎಂದು ಅದರ ಅರ್ಥ. ಭಾರತದ ಸಮುದ್ರಗಳಲ್ಲಿ ಮಳೆಗಾಲವು ಕಳೆದ ಪ್ರಶಾಂತವಾದ ತಿಂಗಳುಗಳಲ್ಲಿ ಸಂಚರಿಸುವ ಹಡಗಿಗೆ ಉಳಿದೆಡೆಗಿಂತ ಸ್ವಲ್ಪ ಹೆಚ್ಚು ತುಂಬಲು ಅದು ಅನುಜ್ಞೆ. 1930ರ ಅಂತರರಾಷ್ಟ್ರೀಯ ಒಪ್ಪಂದದ ತರುವಾಯ ಆ ಅಕ್ಷರಗಳು ಹೋಗಿ ಉಷ್ಣವಲಯದ ಗೆರೆಯು ಬಂದಿತು. ಈಗ ನಡೆಯುತ್ತಿರುವ 1966ರ ಒಪ್ಪಂದದಲ್ಲಿಯೂ ಅರಬ್ಬೀ ಸಮುದ್ರಕ್ಕೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಉಷ್ಣವಲಯದ ಗೆರೆ. ಜೂನ್, ಜುಲೈ, ಆಗಸ್ಟು ಈ ಮೂರು ತಿಂಗಳು ಅದಕ್ಕಿಂತ ಕೆಳಗಿನ ಗೆರೆ. ಕನ್ನಡದ ಕರಾವಳಿಯವರಿಗೆ ಈ ಲೆಕ್ಕದಲ್ಲಿ ಹೊಸದೇನೂ ಕಾಣದು. ಮಂಜಿ, ಪತ್ತೆಮಾರಿಗಳನ್ನು ಮಳೆಗಾಲದ ಮೊದಲು ದಡಕ್ಕೆಳೆದು, ನೂಲಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿಯನ್ನರ್ಪಿಸಿದ ಮೇಲೆಯೇ ನೀರಿಗಿಳಿಸುವ ಪದ್ಧತಿಯು ಯಾವ ಪಾರ್ಲಿಮೆಂಟಿನ ಶಾಸನವನ್ನೂ ಕಾಯ್ದುಕೊಂಡಿರಲಿಲ್ಲ. ಅಲ್ಲಿ ಹಡಗಿನ ತಂಡೇಲನು ತಾನು ಹೇಳಿದ ಮಾತಿನೊಡನೆ ತಾನೂ ಸಮುದ್ರಕ್ಕೆ ಹೋಗುವವನು. ಆದಕಾರಣ ಅವನ ಮಾತಿಗೆ ಬೇರೆ ಮುದ್ರೆ ಬೇಕಾಗಿರಲಿಲ್ಲ.

ಆದರೆ ಸರಕಾರದ ಲೆಕ್ಕದಲ್ಲಿ ಇಂತಹ ದೋಣಿಗಳು ಬಹುಕಾಲ ರಕ್ಷಣೆಯ ವಿಷಯವೇ ಆಗಿರಲಿಲ್ಲ. 1838ನೆಯ ಇಸವಿಯ 19ನೆಯ ಆಕ್ಟು ಮುಂಬಯಿ ಆಧಿಪತ್ಯದ ಕರಾವಳಿಯ ನಾವೆಗಳನ್ನು ನೋಂದಾಯಿಸಿ ಅವುಗಳ ಮೈಮೇಲೆ ಅಂಕವನ್ನೂ ಊರಿನ ಹೆಸರನ್ನೂ ಬರೆಯಬೇಕೆಂದು ವಿಧಿಸಿತು. ಎಷ್ಟು ತುಂಬಬೇಕೆಂದು ಹೇಳಲಿಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿಗೆ ಸೇರಿ, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದುದರಿಂದ ಒಂದೇ ಕರಾವಳಿಯ ಕಾರವಾರ ಮಂಗಳೂರುಗಳು ಎರಡು ಆಧಿಪತ್ಯಗಳ ಬಂದರುಗಳಾದವು. ಹಾಯಿಯ ಹಡಗುಗಳಿಗೆ ಭಾರದ ಮಿತಿಯನ್ನೂ ತಪಾಸಣೆಯ ಪತ್ರವನ್ನೂ ದೇಶಕ್ಕೆಲ್ಲ ಒಂದಾಗಿ ವಿಧಿಸಿದ್ದು ಸ್ವತಂತ್ರ ಭಾರತದ 1958ರ ವಾಣಿಜ್ಯನೌಕಾ ಶಾಸನವು.

ಭಾರತದ ತೀರದಲ್ಲಿ ಸ್ಟೀಮರುಗಳ ಕತೆಯೂ ಬಹಳ ಭಿನ್ನವಲ್ಲ. 1888ನೆಯ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ 'ವೈತರಣಾ' ಎಂಬ ಸ್ಟೀಮರು, ಸೌರಾಷ್ಟ್ರದ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ, ಏಳುನೂರಕ್ಕೆ ಮಿಕ್ಕ ಜನರೊಡನೆ ಗುರುತೂ ಸಿಕ್ಕದಂತೆ ಕಾಣೆಯಾಯಿತು. ವಿದ್ಯುದ್ದೀಪಗಳಿದ್ದುದರಿಂದ ಜನರು ಅದನ್ನು ಮಿಂಚೆಂಬರ್ಥದ 'ವೀಜಳಿ' ಎಂಬ ಹೆಸರಿನಿಂದ ಕರೆಯುತ್ತಿದ್ದರು. ಆ ಮೇಲಿನ ವಿಚಾರಣೆಯಲ್ಲಿ ಪ್ರಾಣರಕ್ಷಕ ದೋಣಿಗಳೂ ಅಂಗಿಗಳೂ ಸಾಲದಾಗಿದ್ದವೆಂಬುದು ಹೊರಬಿದ್ದಿತು. ಗುಜರಾತಿಯಲ್ಲಿ ಈ ದುರಂತದ ಮೇಲೆ ವಿಲಾಪಗೀತಗಳು ಹುಟ್ಟಿದವು; ಝವೇರಚಂದ ಮೇಘಾಣಿಯವರು ಸಂಗ್ರಹಿಸಿದ ಜನಪದಗೀತವು ಹಡಗಿನ ನಾಯಕ ಹಾಜಿ ಕಾಸಮನನ್ನೇ ಸಂಬೋಧಿಸಿ ಅಳುತ್ತದೆ. ಜನರ ನೆನಪಿನಲ್ಲಿಯೂ ಮುಳುಗಿದ ಹಡಗು ನಾಯಕನದೇ ಆಯಿತು. ಅದರ ಮಾಲಿಕರಾಗಿದ್ದ ಕಂಪನಿಯ ಹೆಸರು ಹಾಡಿಗೆ ಬೇಕಾಗಲಿಲ್ಲ.

ಇಂತಹ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳು ಸಾವಿರಾರು ಮಂದಿ. ಅಧಿಕಾರದ ಸ್ಥಾನದಲ್ಲಿದ್ದವರು ಇಲ್ಲವೆನ್ನುವಷ್ಟು ವಿರಳ. 1823ರ ಬ್ರಿಟಿಷ್ ಶಾಸನವೊಂದು ಭಾರತೀಯ ಖಲಾಸಿಯನ್ನು, ಅವನು ಅದೇ ಅರಸನ ಪ್ರಜೆಯಾಗಿದ್ದರೂ, ಬ್ರಿಟಿಷ್ ನಾವಿಕನೆಂದು ಎಣಿಸಕೂಡದೆಂದು ವಿಧಿಸಿದ್ದಿತು. ಆ ವಿಧಿಯು 1849ರಲ್ಲಿ ತೆಗೆಯಲ್ಪಟ್ಟರೂ, ಮೇಟನ ಪರೀಕ್ಷೆಗೆ ಕೂರಲು ಬೇಕಾದ ಶಿಕ್ಷಣವು ಈ ದೇಶದಲ್ಲಿ ದೊರೆಯದಿದ್ದುದರಿಂದ ಬಾಗಿಲು ಮುಚ್ಚಿಯೇ ಇದ್ದಿತು. ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರರು 1922ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ನಿರ್ಣಯದಿಂದ ಒಂದು ಸಮಿತಿಯು ಕುಳಿತು, ಅದರ ಸಲಹೆಯಂತೆ 1927ರಲ್ಲಿ ಮುಂಬಯಿಯಲ್ಲಿ 'ಡಫರಿನ್' ಎಂಬ ಹಳೆಯ ಸೈನ್ಯದ ಹಡಗು ಶಿಕ್ಷಣನೌಕೆಯಾಯಿತು. ಭಾರತದ ತರುಣರು ನೌಕಾಧಿಕಾರಿಗಳ ಪರೀಕ್ಷೆಗೆ ಕ್ರಮವಾಗಿ ಸಿದ್ಧರಾಗತೊಡಗಿದ್ದು ಅಲ್ಲಿಂದ. ಯೋಗ್ಯತೆಯ ಪರೀಕ್ಷೆಯು ನ್ಯಾಯವಾಗಬೇಕಾದರೆ ಪರೀಕ್ಷೆಗೆ ಕೂರುವ ಅವಕಾಶವೂ ಅದರ ಅಂಗವೆಂಬುದನ್ನು ಒಪ್ಪಿಕೊಳ್ಳಲು 1850ರಿಂದ ಎಪ್ಪತ್ತೇಳು ವರ್ಷ ಹಿಡ಼ಿಯಿತು.

ಸ್ವಾತಂತ್ರ್ಯಕ್ಕೆ ಒಂದು ತಿಂಗಳಿರುವಾಗ, 1947ನೆಯ ಜುಲೈ 17ರಂದು, ಮುಂಬಯಿಯಿಂದ ರೇವಸಿಗೆ ಹೊರಟ 'ರಾಮದಾಸ' ಎಂಬ ಆಗಬೋಟು ಮಳೆಗಾಲದ ಅಲೆಗಳಿಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನರು ಸತ್ತರು. ದಡವು ಕೆಲವೇ ಮೈಲಿಗಳ ದೂರದಲ್ಲಿದ್ದಿತು. ನೌಕಾವ್ಯವಹಾರದ ಮುಖ್ಯಾಧಿಕಾರಿಯ ಕಚೇರಿಯು ಮುಂಬಯಿಯಲ್ಲಿ ಸ್ಥಾಪಿತವಾದದ್ದು 1949ರಲ್ಲಿ.

ಇತ್ತ ಫಾರರನ ಶಂಕೆಯು 1912ರಲ್ಲಿ ಅನಿರೀಕ್ಷಿತವಾದ ರೀತಿಯಲ್ಲಿ ನಿಜವಾಗಿದ್ದಿತು. ವಾಣಿಜ್ಯಮಂಡಲಿಯ 1894ರ ಕೋಷ್ಟಕವು ಪ್ರಾಣರಕ್ಷಕ ದೋಣಿಗಳ ಸಂಖ್ಯೆಯನ್ನು ಜನರ ಲೆಕ್ಕದಿಂದಲ್ಲದೆ ಹಡಗಿನ ಟನ್ನುಗಳ ಲೆಕ್ಕದಿಂದ ನಿಯಮಿಸಿ, 10,000 ಟನ್ನುಗಳಲ್ಲಿ ಮುಗಿದುಹೋಗಿದ್ದಿತು. 'ಟೈಟಾನಿಕ್' 46,000 ಟನ್ನುಗಳಿಗೆ ಮಿಕ್ಕ ಹಡಗು. ಕೋಷ್ಟಕದಂತೆ 16 ದೋಣಿಗಳು ಸಾಕಾಗಿದ್ದಲ್ಲಿ ಅದು 20ನ್ನು ಹೊತ್ತಿದ್ದಿತು. ಅವುಗಳಲ್ಲಿ ಸ್ಥಳವಿದ್ದದ್ದು 1,178 ಜನರಿಗೆ, ಹಡಗಿನಲ್ಲಿದ್ದವರು 2,200ರಷ್ಟು. ಸುಮಾರು 1,500 ಜನರು ಸತ್ತ ಆ ರಾತ್ರಿ ಹಡಗು ಶಾಸನಬದ್ಧವಾಗಿಯೇ ಇದ್ದಿತು. ಸರಕಾರವು ಗೆರೆಯನ್ನೆಳೆದ ಮೇಲೆ ಗೆರೆಯ ಆಚೆಗೆ ಯೋಚಿಸುವ ಹೊಣೆಯನ್ನು ಯಾರೂ ತಮ್ಮದೆಂದು ತಿಳಿಯಲಿಲ್ಲ. ಇದರಿಂದ ಗೆರೆಯೇ ಬೇಡವೆಂದು ಸಿದ್ಧವಾಗುವುದಿಲ್ಲ. ಹದಿನೆಂಟು ವರ್ಷ ತಿದ್ದದೆ ಬಿಟ್ಟ ಕೋಷ್ಟಕವೂ ಆಪ್ತವಾಕ್ಯವಲ್ಲವೆಂದು ಸಿದ್ಧವಾಗುತ್ತದೆ.

ಅನಂತರದ ಒಪ್ಪಂದಗಳನ್ನು ವಿಸ್ತರಿಸಬೇಕಾಗಿಲ್ಲ. 1914ರ ಜನವರಿ 20ರಂದು ಲಂಡನ್ನಿನಲ್ಲಿ ಸಮುದ್ರದಲ್ಲಿ ಪ್ರಾಣರಕ್ಷಣೆಯನ್ನು ಕುರಿತ ಮೊದಲ ಒಪ್ಪಂದಕ್ಕೆ ರುಜುವಾಯಿತು. ಯುದ್ಧವು ಅದನ್ನು ನುಂಗಿತು. 1929, 1948, 1960ರಲ್ಲಿ ಅದನ್ನು ಹೊಸದಾಗಿ ಬರೆದರು. 1974ರದು ತಿದ್ದುಪಡಿಗಳೊಡನೆ ಈಗಲೂ ನಡೆಯುತ್ತಿದೆ. ಇವೆಲ್ಲ ಮುಖ್ಯವಾಗಿ ಹಡಗನ್ನು ಕುರಿತವು. ನಾವಿಕನ ಯೋಗ್ಯತೆಯು ಮಾತ್ರ ಆಯಾ ದೇಶದ ಮನೆವಾರ್ತೆಯಾಗಿಯೇ ಉಳಿದಿದ್ದಿತು. 1967ರ ಮಾರ್ಚಿಯಲ್ಲಿ ಲೈಬೀರಿಯದ ಧ್ವಜದ 'ಟಾರಿ ಕ್ಯಾನಿಯನ್' ಎಂಬ ತೈಲನೌಕೆಯು ಇಂಗ್ಲೆಂಡಿನ ನೈರುತ್ಯದಲ್ಲಿ ನಕ್ಷೆಯಲ್ಲಿ ಸ್ಪಷ್ಟವಾಗಿದ್ದ ಬಂಡೆಗಳ ಮೇಲೆಯೇ ಏರಿ ಒಡೆದ ಮೇಲೆ, ಪತ್ರವನ್ನು ಯಾರು ಯಾವ ಪರೀಕ್ಷೆಯ ಮೇಲೆ ಕೊಡುತ್ತಾರೆಂದು ಲೋಕವು ಕೇಳತೊಡಗಿತು. 1978ರಲ್ಲಿ ನಾವಿಕರ ಶಿಕ್ಷಣ, ಯೋಗ್ಯತಾಪತ್ರ, ಕಾವಲಿನ ಸರದಿ ಇವುಗಳ ಮೇಲೆ ಅಂತರರಾಷ್ಟ್ರೀಯ ಒಪ್ಪಂದವಾಗಿ 1984ರಲ್ಲಿ ಜಾರಿಗೆ ಬಂದಿತು.

ಆದರೆ ಆ ಒಪ್ಪಂದದಲ್ಲಿ 1876ರ ಕತೆಯೇ ಮರುಕಳಿಸಿತು. ನಾವಿಕನಿಗೆ ಇಂತಿಂತಹ ಜ್ಞಾನವಿರಬೇಕೆಂದು ಬರೆದು, ಆ ಜ್ಞಾನದ ಮಟ್ಟವನ್ನು ಆಯಾ ರಾಜ್ಯದ ಆಡಳಿತಕ್ಕೆ ತೃಪ್ತಿಯಾಗುವಂತೆ ಎಂದು ಬಿಟ್ಟರು. ಗೆರೆಯನ್ನು ಎಳೆಯುವ ಕುಂಚವು ಅಂದು ಮಾಲಿಕನ ಕೈಯಲ್ಲಿದ್ದಂತೆ ಇಂದು ಧ್ವಜವನ್ನು ಬಾಡಿಗೆಗೆ ಕೊಡುವ ರಾಜ್ಯಗಳ ಕೈಗೆ ಬಂದಿತು. ಅಲ್ಪತೃಪ್ತರಾದ ಆಡಳಿತಗಳಿಗೆ ಕೊರತೆಯಿರಲಿಲ್ಲ. 1995ರಲ್ಲಿ ಒಪ್ಪಂದವನ್ನು ಬುಡದಿಂದ ತಿದ್ದಿ, ತಾನು ನಡೆಸುವ ಶಿಕ್ಷಣ ಪರೀಕ್ಷೆಗಳ ವಿವರವನ್ನು ಪ್ರತಿಯೊಂದು ರಾಜ್ಯವೂ ಅಂತರರಾಷ್ಟ್ರೀಯ ನೌಕಾಸಂಸ್ಥೆಯ ಮುಂದಿಟ್ಟು ಬೇರೆಯವರ ಪರಿಶೀಲನೆಗೆ ಒಳಪಡಿಸಬೇಕೆಂದು ಗೊತ್ತುಮಾಡಿದರು. 2000ದ ಡಿಸೆಂಬರಿನಲ್ಲಿ ಹೊರಟ ಮೊದಲ 'ಶ್ವೇತಪಟ್ಟಿ'ಯಲ್ಲಿ 71 ರಾಜ್ಯಗಳಿದ್ದವು, ಭಾರತವೂ ಅವುಗಳಲ್ಲೊಂದು.

ಇಷ್ಟಾದ ಮೇಲೂ ಗೆರೆಗೆ ಕಾಣದ ಒಂದು ಅಪಾಯವು ಕನ್ನಡದ ಕರಾವಳಿಯಲ್ಲಿಯೇ ತಲೆದೋರಿತು. 2009ರ ಜುಲೈ ತಿಂಗಳಲ್ಲಿ 'ಏಷಿಯನ್ ಫಾರೆಸ್ಟ್' ಎಂಬ ಹಡಗು ಮಂಗಳೂರಿನಲ್ಲಿ ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಹೊರಟು, ದಡದಿಂದ ಬಹುದೂರ ಹೋಗುವುದರೊಳಗೆ ಒಂದು ಪಕ್ಕಕ್ಕೆ ವಾಲಿ ಮುಳುಗಿತು. ನಾವಿಕರನ್ನು ಕರಾವಳಿ ರಕ್ಷಣಾದಳದವರು ಉಳಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒರಿಸ್ಸದ ಪಾರಾದೀಪದ ಹೊರಗೆ 'ಬ್ಲ್ಯಾಕ್ ರೋಸ್' ಎಂಬ ಹಡಗು ಅದಿರಿನ ಪುಡಿಯೊಡನೆಯೇ ಮುಳುಗಿತು. ಬಯಲಿನಲ್ಲಿ ರಾಶಿಹಾಕಿದ ಪುಡಿಯು ಮಳೆಗಾಲದಲ್ಲಿ ನೀರನ್ನು ಹೀರಿಕೊಂಡಿರುತ್ತದೆ. ನೋಡುವ ಕಣ್ಣಿಗೆ ಅದು ಒಣಮಣ್ಣೇ. ಹಡಗಿನ ಹೊಟ್ಟೆಯಲ್ಲಿ ಯಂತ್ರದ ನಡುಕಕ್ಕೂ ಅಲೆಗಳ ತೂಗಾಟಕ್ಕೂ ಸಿಕ್ಕಿದಾಗ ಕಣಗಳು ಒತ್ತಾಗಿ, ನಡುವಣ ನೀರು ಹೊರಬಂದು, ಇಡೀ ರಾಶಿಯು ಕೆಸರಿನಂತೆ ಹರಿದು ಒಂದು ಪಕ್ಕಕ್ಕೆ ಸೇರುತ್ತದೆ. ಆಗ ಹಡಗು ವಾಲುವುದಕ್ಕೆ ಗಳಿಗೆಗಳೇ ಸಾಕು. ಭಾರವು ರೇಖೆಯ ಮಿತಿಯಲ್ಲಿಯೇ ಇದ್ದರೂ, ಕಪ್ತಾನನ ಪತ್ರವು ನಿರ್ದುಷ್ಟವಾಗಿದ್ದರೂ ಇದು ತಪ್ಪದು. ಇಲ್ಲಿ ಬೇಕಾದದ್ದು ಮೂರನೆಯ ಒಂದು ಪತ್ರ: ಅದಿರಿನಲ್ಲಿರುವ ತೇವವೆಷ್ಟು, ಇರಬಹುದಾದ ಪರಮಾವಧಿಯೆಷ್ಟು ಎಂಬುದರದು. ಅದನ್ನು ಕೊಡುವವನು ಸರಕನ್ನು ಕಳುಹಿಸುವ ವ್ಯಾಪಾರಿ.

ಇಂತಹ ಸರಕುಗಳ ಅಂತರರಾಷ್ಟ್ರೀಯ ಸಂಹಿತೆಯು 2011ರ ಜನವರಿ 1ರಿಂದ ಕಡ್ಡಾಯವಾಯಿತು. ಪತ್ರದ ಮೇಲೆ ಸಂಶಯವುಂಟಾದ ಕಪ್ತಾನನಿಗೆ ಅದರಲ್ಲಿ ಒಂದು ಸುಲಭವಾದ ಪರೀಕ್ಷೆಯನ್ನೂ ಹೇಳಿದೆ. ಅರ್ಧದಿಂದ ಒಂದು ಲೀಟರು ಹಿಡಿಯುವ ಡಬ್ಬಿಯೊಂದರಲ್ಲಿ ಅರ್ಧದವರೆಗೆ ಸರಕನ್ನು ತುಂಬಿ, ಸುಮಾರು ಒಂದು ಗೇಣಿನ ಎತ್ತರದಿಂದ ಗಟ್ಟಿಯಾದ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಒಸರಿದರೆ ತುಂಬುವುದನ್ನು ನಿಲ್ಲಿಸಿ ಪ್ರಯೋಗಶಾಲೆಯಲ್ಲಿ ಪರೀಕ್ಷೆಮಾಡಿಸಬೇಕು. ನೀರು ಒಸರದಿದ್ದ ಮಾತ್ರಕ್ಕೆ ಸರಕು ನಿರಪಾಯಕರವೆಂದು ಭಾವಿಸಕೂಡದೆಂದೂ ಸಂಹಿತೆಯೇ ಎಚ್ಚರಿಸುತ್ತದೆ. ವ್ಯಾಪಾರಿಯು ಮಾದರಿಯನ್ನು ತೆಗೆಯುವ, ತೇವವನ್ನು ಅಳೆಯುವ ಕ್ರಮವನ್ನು ಬಂದರಿನ ಅಧಿಕಾರಿಗಳು ಮೊದಲೇ ನೋಡಿ ಒಪ್ಪಿ, ಅದರಂತೆ ನಡೆಯಿತೇ ಎಂದು ವಿಚಾರಿಸತಕ್ಕದ್ದೆಂಬ ವಿಧಿಯು ಸೇರಿದ್ದು 2013ರ ಜನವರಿಯಿಂದ.